ಡೆಸ್ಕ್‌ಟಾಪ್ ಸಪೋರ್ಟ್‌ನಿಂದ ಕ್ಲೌಡ್‌ಗೆ: ಒಂದು ಟಿಕೆಟ್‌ನ ಕಥೆ

ಕ್ಲೌಡ್ ಟೀಮಿಗೆ ಬಂದ ಹೊಸತರಲ್ಲಿ ನನಗೊಂದು ಅಳುಕಿತ್ತು. ಡೆಸ್ಕ್‌ಟಾಪ್ ಸಪೋರ್ಟ್‌ನಲ್ಲಿ ಕಲಿತದ್ದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲವೇನೋ ಅಂತ. ಪ್ರಿಂಟರ್ ಸರಿಮಾಡುವುದು, ಲ್ಯಾಪ್‌ಟಾಪ್ ಬದಲಿಸಿಕೊಡುವುದು ಸಣ್ಣ ಕೆಲಸ ಅಂತ ಸುತ್ತಲಿನವರು ಹೇಳಿ ಹೇಳಿ ನಾನೂ ನಂಬಿಬಿಟ್ಟಿದ್ದೆ.

ಕ್ಲೌಡ್ ಸರ್ಟಿಫಿಕೇಷನ್‌ಗೆ ಓದುವಾಗಲೇ ಅಲ್ಲಲ್ಲಿ ಹಳೆಯ ಪರಿಚಯಗಳು ಎದುರಾಗುತ್ತಿದ್ದವು ಅನ್ನುವುದು ನಿಜ. ಯೂಸರ್ ಕಂಪ್ಯೂಟರಿನ ಐಪಿ, ಅಂದರೆ ನೆಟ್‌ವರ್ಕ್ ವಿಳಾಸ, 169.254 ಅಂತ ಶುರುವಾದರೆ ಸಪೋರ್ಟ್‌ನವರಿಗೆ ತಕ್ಷಣ ಗೊತ್ತಾಗುತ್ತದೆ: ವಿಳಾಸ ಹಂಚುವ ಡಿಎಚ್‌ಸಿಪಿಯಿಂದ ಏನೂ ಸಿಕ್ಕಿಲ್ಲ, ವಿಂಡೋಸ್ ತಾನೇ ಒಂದು ಹಾಕಿಕೊಂಡಿದೆ, ಮೊದಲು ಕೇಬಲ್ ನೋಡು. ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯೂಎಸ್‌ನಲ್ಲಿ ಅದೇ ಸಾಲಿನ 169.254.169.254 ಬೇರೆಯೇ ಕೆಲಸ ಮಾಡುತ್ತದೆ. ಸರ್ವರ್ ತನ್ನ ಬಗ್ಗೆ ತಾನೇ ಕೇಳಿ ತಿಳಿದುಕೊಳ್ಳುವ ಮೆಟಾಡೇಟಾ ವಿಳಾಸ ಅದು. ಪರ್ಮಿಷನ್ ವಿಷಯವೂ ಹಾಗೇ. ಎಲ್ಲೋ ಒಂದು ಕಡೆ ಸ್ಪಷ್ಟವಾಗಿ 'ಡಿನೈ' ಅಂತ ಬರೆದಿದ್ದರೆ, ಬೇರೆಡೆ ಎಷ್ಟು 'ಅಲೋ' ಕೊಟ್ಟರೂ ನಡೆಯುವುದಿಲ್ಲ. ಶೇರ್ಡ್ ಫೋಲ್ಡರ್ ಜೊತೆ ಗುದ್ದಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಳುಕು ಕಡಿಮೆಯಾಗಿದ್ದು ಮಾತ್ರ ಒಂದು ಟಿಕೆಟ್, ಅಂದರೆ ದೂರು, ಬಂದ ದಿನ. ಟೆಸ್ಟಿಂಗ್‌ಗೆ ಅಂತ ಹೊಸದಾಗಿ ಹಾಕಿದ ಆ್ಯಪ್ ಸರ್ವರ್‌ನಿಂದ ಡೇಟಾಬೇಸ್‌ಗೆ ಕನೆಕ್ಟ್ ಆಗುತ್ತಿರಲಿಲ್ಲ. "ಡೇಟಾಬೇಸ್ ಡೌನ್" ಅಂತ ಡೆವಲಪರ್ ಬರೆದಿದ್ದರು. ಯೂಸರ್ "ಇಂಟರ್ನೆಟ್ ಇಲ್ಲ" ಅಂದಾಗ ಇಂಟರ್ನೆಟ್ ಒಂದನ್ನು ಬಿಟ್ಟು ಬೇರೆ ಏನು ಬೇಕಾದರೂ ಹಾಳಾಗಿರಬಹುದು ಅಂತ ಸಪೋರ್ಟ್‌ನವರಿಗೆ ಗೊತ್ತು. ಹಾಗಾಗಿ ಹಳೆಯ ಪ್ರಶ್ನೆಗಳನ್ನೇ ಕೇಳಿದೆ. ಯಾವಾಗಿನಿಂದ? ಎಲ್ಲರಿಗೂ ಹೀಗೇನಾ? ಇದರಲ್ಲಿ ಹೊಸದು ಏನು? ಹಳೆಯ ಸರ್ವರ್‌ಗಳು ಅದೇ ಡೇಟಾಬೇಸ್ ಜೊತೆ ಆರಾಮಾಗಿ ಮಾತಾಡುತ್ತಿದ್ದವು. ಹೊಸದು ಅಂದರೆ ಈ ಸರ್ವರ್ ಮತ್ತು ಅದು ಕೂತಿದ್ದ ಸಬ್‌ನೆಟ್ (ನೆಟ್‌ವರ್ಕಿನ ಒಂದು ತುಂಡು), ಎರಡೇ.

ಡೇಟಾಬೇಸ್‌ನ ಹೆಸರು ಸರಿಯಾದ ಐಪಿಗೇ ಹೋಗುತ್ತಿತ್ತು, ಅಂದರೆ ಹೆಸರಿಗೆ ಐಪಿ ಹುಡುಕಿಕೊಡುವ ಡಿಎನ್‌ಎಸ್ ತಪ್ಪಿಲ್ಲ. ಆ ಡೇಟಾಬೇಸ್, ಅಂದರೆ ಪೋಸ್ಟ್‌ಗ್ರೆಸ್, ಬಳಸುವ 5432 ಪೋರ್ಟ್ ತಟ್ಟಿ ನೋಡಿದರೆ ಸುಮ್ನೆ ಕಾದು ಕಾದು ಟೈಮ್‌ಔಟ್. ಇದು ಒಳ್ಳೆಯ ಸುಳಿವು. 'ರೆಫ್ಯೂಸ್ಡ್' ಅಂತ ಬಂದಿದ್ದರೆ ಸಾಮಾನ್ಯವಾಗಿ ಆ ಯಂತ್ರದವರೆಗೆ ತಲುಪಿದ್ದೇವೆ, ಅಲ್ಲಿ ಸರ್ವಿಸ್ ಓಡುತ್ತಿಲ್ಲ ಅಂತ ಅರ್ಥ. ಟೈಮ್‌ಔಟ್ ಅಂದರೆ ದಾರಿಯಲ್ಲಿ ಯಾರೋ ಪ್ಯಾಕೆಟ್‌ಗಳನ್ನು ಸದ್ದಿಲ್ಲದೆ ಬೀಳಿಸುತ್ತಿದ್ದಾರೆ. ಡೇಟಾಬೇಸ್‌ನ ಫೈರ್‌ವಾಲ್ ಆದ ಸೆಕ್ಯುರಿಟಿ ಗ್ರೂಪ್ ನೋಡಿದೆ, ಹೊಸ ಸಬ್‌ನೆಟ್‌ಗೆ ಅನುಮತಿ ಇತ್ತು. ಉತ್ತರ ಸಿಕ್ಕಿದ್ದು ನೆಟ್‌ವರ್ಕಿನಲ್ಲಿ ಬಂದುಹೋದದ್ದರ ದಾಖಲೆಯಾದ ಫ್ಲೋ ಲಾಗ್‌ನಲ್ಲಿ. ಅಕ್ಕಪಕ್ಕದಲ್ಲೇ ಎರಡು ಸಾಲು. ಆ್ಯಪ್‌ನಿಂದ 5432ಕ್ಕೆ ಬಂದದ್ದು 'ಅಕ್ಸೆಪ್ಟ್'. ಡೇಟಾಬೇಸ್‌ನಿಂದ ಆ್ಯಪ್‌ನ ನಲವತ್ತು ಸಾವಿರದಾಚೆಯ ಒಂದು ಪೋರ್ಟ್‌ಗೆ ಹೊರಟದ್ದು 'ರಿಜೆಕ್ಟ್'.

ಸೆಕ್ಯುರಿಟಿ ಗ್ರೂಪ್‌ಗೆ ನೆನಪಿರುತ್ತದೆ. ಒಳಗೆ ಬಿಟ್ಟ ಮಾತಿಗೆ ಉತ್ತರ ಹೊರಗೆ ಹೋಗಲು ಅದು ಮತ್ತೆ ಕೇಳುವುದಿಲ್ಲ. ಡೇಟಾಬೇಸ್ ಇರುವ ಸಬ್‌ನೆಟ್‌ನ ಬಾಗಿಲು ಕಾಯುವ ನಿಯಮಪಟ್ಟಿ, ನೆಟ್‌ವರ್ಕ್ ಎಸಿಎಲ್, ಹಾಗಲ್ಲ, ಬರುವುದಕ್ಕೊಂದು ನಿಯಮ, ಹೋಗುವುದಕ್ಕೆ ಇನ್ನೊಂದು. ಕನೆಕ್ಷನ್ ಶುರುಮಾಡುವ ಯಂತ್ರ ತನ್ನ ಕಡೆಗೆ ಯಾವುದೋ ತಾತ್ಕಾಲಿಕ ಪೋರ್ಟ್ ಇಟ್ಟುಕೊಳ್ಳುತ್ತದೆ. ಅದಕ್ಕೇ ಹೋಗುವ ನಿಯಮದಲ್ಲಿ ಸಾಮಾನ್ಯವಾಗಿ 1024ರಿಂದ 65535ರವರೆಗೆ ಬಿಡುತ್ತಾರೆ. ಹಳೆಯ ಸಬ್‌ನೆಟ್‌ಗಳಿಗೆಲ್ಲ ಅದು ಇತ್ತು. ಹೊಸದರ ಹೆಸರು ಬರುವ ಪಟ್ಟಿಯಲ್ಲಿತ್ತು, ಹೋಗುವ ಪಟ್ಟಿಯಲ್ಲಿರಲಿಲ್ಲ.

ಕನ್ಸೋಲ್ ತೆರೆದೇ ಇತ್ತು. ಒಂದು ಸಾಲು ಸೇರಿಸಿ ಸೇವ್ ಒತ್ತಿದರೆ ಮುಗೀತು, ಅಲ್ವಾ? ಸಪೋರ್ಟ್‌ನಲ್ಲಿ ಇಷ್ಟು ವರ್ಷ ಮಾಡಿದ್ದೇ ಅದು. ಪಕ್ಕದಲ್ಲಿದ್ದ ಸೀನಿಯರ್ ತಡೆದರು. "ಕೈಯಲ್ಲಿ ಹಾಕ್ಬೇಡಿ. ಮುಂದಿನ ಸಲ ಯಾರಾದ್ರೂ ಟೆರಾಫಾರ್ಮ್ ಓಡಿಸಿದ್ರೆ ಅದು ಅಳಿಸಿ ಹೋಗುತ್ತೆ. ಯಾಕೆ ಹೋಯ್ತು ಅಂತ ಆಮೇಲೆ ಯಾರಿಗೂ ಗೊತ್ತಾಗಲ್ಲ." ಟೆರಾಫಾರ್ಮ್ ಅಂದರೆ ಕೋಡ್‌ನಲ್ಲಿ ಬರೆದ ಹಾಗೆ ಕ್ಲೌಡ್ ಕಟ್ಟಿಕೊಡುವ ಟೂಲ್.

ನಿಜ ಹೇಳಬೇಕೆಂದರೆ ಇದೇ ನನಗೆ ಜಾಸ್ತಿ ಕಷ್ಟವಾದ ಭಾಗ. ದೋಷ ಹುಡುಕುವ ಬುದ್ಧಿ ಸಪೋರ್ಟ್‌ನಿಂದಲೇ ಬಂದಿತ್ತು. ಆದರೆ ಯಂತ್ರದ ಮುಂದೆ ಕೂತು ಅಲ್ಲೇ ಸರಿಮಾಡಿ ಎದ್ದು ಹೋಗುವ ಅಭ್ಯಾಸವಿದೆಯಲ್ಲ, ಅದನ್ನು ಬಿಡಬೇಕಿತ್ತು. ಇದನ್ನು ಯಾವ ಸರ್ಟಿಫಿಕೇಷನ್ ಪರೀಕ್ಷೆಯೂ ನನಗೆ ಕಲಿಸಿರಲಿಲ್ಲ. ಕೋಡ್‌ನಲ್ಲಿ ಹೋಗುವ ಪಟ್ಟಿಗೆ ಸಬ್‌ನೆಟ್ ಸೇರಿಸಿದೆ. ಏನೇನು ಆಗಲಿದೆ ಅಂತ ಮೊದಲೇ ಹೇಳುವ ಪ್ಲ್ಯಾನ್ ಓಡಿಸಿದಾಗ ಸೇರುವುದು 0, ಬದಲಾಗುವುದು 1, ಅಳಿಯುವುದು 0 ಅಂತ ತೋರಿಸಿತು. ಆ ಕೊನೆಯ ಸೊನ್ನೆ ನೋಡಿಯೇ ಉಸಿರು ಬಿಡಬೇಕು ಅಂತ ಟೀಮಿನವರು ಹೇಳಿಕೊಟ್ಟಿದ್ದರು. ರಿವ್ಯೂಗೆ ಕಾಯುವಾಗ ಮೈ ಪರಚಿಕೊಳ್ಳುವ ಹಾಗಾಯಿತು. ದೋಷ ಹುಡುಕಲು ಹಿಡಿದದ್ದಕ್ಕಿಂತ ಇದಕ್ಕೇ ಹೊತ್ತು ಹಿಡಿಯಿತು.

ಅಪ್ಲೈ ಆದಮೇಲೆ ಟಿಕೆಟ್ ಮುಚ್ಚುವ ಮುಂಚೆ ಡೆವಲಪರ್‌ಗೆ ಫೋನ್ ಮಾಡಿದೆ. ಯೂಸರ್ ಬಾಯಿಂದ 'ಆಯ್ತು' ಅಂತ ಕೇಳದೆ ಮುಚ್ಚುವುದು ನನ್ನಿಂದಾಗದು. "ಗ್ರಾಫ್ ನೋಡಿದ್ರೆ ಸಾಕಲ್ವಾ?" ಅಂತ ಒಬ್ಬರು ನಕ್ಕರು. ಕನೆಕ್ಟ್ ಆಗ್ತಿದೆ ಅಂದರು ಡೆವಲಪರ್. ಆಮೇಲೆ ಮೆಲ್ಲಗೆ, "ಮುಂದಿನ ವಾರ ಪ್ರೊಡಕ್ಷನ್‌ನಲ್ಲೂ ಇದೇ ತರ ಸಬ್‌ನೆಟ್ ಬರುತ್ತೆ, ಅಲ್ಲೂ ಹೀಗೇ ಆಗುತ್ತಾ?" ಅಂದರು. ಎರಡನ್ನೂ ಕಟ್ಟುವುದು ಒಂದೇ ಕೋಡ್ ಆದ್ದರಿಂದ ಅಲ್ಲಿ ಆ ಟಿಕೆಟ್ ಬರಲೇ ಇಲ್ಲ.