ಏಳು ಗಂಟೆ ಕರೆಂಟು, ಹತ್ತು ಗಂಟೆ ಭಟ್ಟಿ

ತಿಪಟೂರಿನ ಹತ್ತಿರದ ಈ ಹಳ್ಳಿಗೆ ಬಂದು ಎಂಟು ತಿಂಗಳಾಯಿತು. ಬೆಂಗಳೂರಿನಿಂದ ಫೋನ್ ಮಾಡಿದವರೆಲ್ಲ ಕೇಳುವುದು ಒಂದೇ, ಮಡಕೆ ಮಾಡುವ ಶೆಡ್ ರೆಡಿ ಆಯ್ತಾ ಅಂತ. ಶೆಡ್ ಎರಡೇ ತಿಂಗಳಿಗೆ ರೆಡಿ ಆಗಿತ್ತು. ಆಮೇಲೆ ಆಗಿದ್ದನ್ನು ಫೋನಿನಲ್ಲಿ ಹೇಳಿ ಮುಗಿಸುವುದಕ್ಕಾಗುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

20 ಅಡಿ ಅಗಲ, 30 ಅಡಿ ಉದ್ದ. ಅಷ್ಟೇ ಶೆಡ್. ತಗಡು ಹೊದಿಸಿದ್ದರೆ ದುಡ್ಡು ಉಳಿಯುತ್ತಿತ್ತು, ಆದರೆ ಏಪ್ರಿಲ್ ಬಿಸಿಲಿಗೆ ಕಾದ ತಗಡಿನ ಕೆಳಗೆ ಹಸಿ ಮಡಕೆ ಇಟ್ಟರೆ ಬಾಯಿ ಬೇಗ ಒಣಗುತ್ತದೆ, ತಳ ಹಸಿಯಾಗಿಯೇ ಉಳಿಯುತ್ತದೆ, ನಡುವೆ ಎಲ್ಲೋ ಸೀಳುತ್ತದೆ. ಹಾಗಾಗಿ ಪಕ್ಕದೂರಲ್ಲಿ ಕೆಡವುತ್ತಿದ್ದ ಹಳೇ ಮನೆಯಿಂದ ಸಾವಿರ ಮಂಗಳೂರು ಹಂಚು ತಂದೆ. ಪ್ರತಿ ಹಂಚಿನ ಬೆನ್ನಿನ ಮೇಲೂ ಕಾರ್ಖಾನೆಯ ಹೆಸರು ಒತ್ತಿದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹಂಚು ಸುಡಲು ಶುರು ಮಾಡಿದ್ದು. ಅಲ್ಲಿಂದ ಹಬ್ಬಿದ ಕಸುಬಿನ ಮಾಲು ಇದು, ಇವತ್ತಿಗೂ ಬೆರಳಲ್ಲಿ ತಟ್ಟಿದರೆ ಟಣ್ ಅನ್ನುತ್ತದೆ. ನನ್ನ ಮಡಕೆ ಟಣ್ ಅನ್ನುವುದಕ್ಕೆ ಎಷ್ಟು ದಿನ ಬೇಕಾಯಿತು ಅಂತ ಮುಂದೆ ಹೇಳುತ್ತೇನೆ.

ಮೊದಲ ಏಟು ಕರೆಂಟಿನದು. ಬರುವಾಗ ಒಂದು ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಭಟ್ಟಿ ಹೊತ್ತು ತಂದಿದ್ದೆ. ಅದಕ್ಕೆ ತ್ರೀ ಫೇಸ್ ಬೇಕು. ತಿಗರಿಯ, ಅಂದರೆ ಮಡಕೆ ಮಾಡುವ ಚಕ್ರದ, ಮೋಟರು ಮನೆಯ ಸಿಂಗಲ್ ಫೇಸ್‌ನಲ್ಲಿ ಹಾಯಾಗಿ ತಿರುಗುತ್ತದೆ, ಭಟ್ಟಿ ಮಾತ್ರ ಕೇಳುವುದಿಲ್ಲ. ಇಲ್ಲಿ ತ್ರೀ ಫೇಸ್ ಅಂದರೆ ಪಂಪ್‌ಸೆಟ್ಟಿನ ಕರೆಂಟು. ದಿನಕ್ಕೆ 7 ಗಂಟೆ, ಅದೂ ಸ್ವಲ್ಪ ಹಗಲು, ಸ್ವಲ್ಪ ರಾತ್ರಿ. ನನಗೆ ಬೇಕಾದದ್ದು ಒಂದೇ ಸಮ 10 ಗಂಟೆ. ಬೇರೆ ಲೈನ್ ಕೊಡಿ ಅಂತ ಅರ್ಜಿ ಹಾಕಿದೆ, ನಾಳೆ ಬನ್ನಿ ಅಂದರು, ಆ ನಾಳೆಗೆ ಮೂರು ಸಲ ಹೋಗಿ ಬಂದೆ, ನಾಲ್ಕನೇ ಸಲ ಹೋಗುವ ಬಸ್ ಚಾರ್ಜಿನಲ್ಲಿ ಇಟ್ಟಿಗೆ ಬರುತ್ತದೆ ಅನ್ನಿಸಿ ಬಿಟ್ಟೆ. ಭಟ್ಟಿ ಈಗಲೂ ಮೂಲೆಯಲ್ಲಿದೆ. ಅವಲಕ್ಕಿ ಡಬ್ಬ ಅದರೊಳಗೆ ಇಡುತ್ತೇನೆ. ಇಲಿ ಬರುವುದಿಲ್ಲ, ಅಷ್ಟಾದರೂ ಉಪಯೋಗ.

ಸರಿ, ಸೌದೆ ಉರಿಸಿ ಮಡಕೆ ಸುಡುವ ಇಟ್ಟಿಗೆಯ ಒಲೆ, ಆವಿಗೆಯೇ ಗತಿ. ಊರಿನ ಕೊನೆಯ ಕುಂಬಾರಜ್ಜ ಆವಿಗೆ ಹಚ್ಚುವುದು ಬಿಟ್ಟು ವರ್ಷಗಳಾಗಿವೆ. ನಾನು ಇಟ್ಟಿಗೆ ಇಳಿಸಿದ ದಿನವೇ ಬಂದು ಹೊಂಗೆ ಮರದ ಕೆಳಗೆ ಕೂತ. ಎಲ್ಲಿ ಗಾಳಿ ಬರಬೇಕು, ಹೊಗೆ ಎಲ್ಲಿಂದ ಹೋಗಬೇಕು ಅಂತ ಕೋಲಿನಲ್ಲೇ ಗೀರು ಹಾಕಿ ತೋರಿಸಿದ. ಒಳಗೆ ಮೂರಡಿ ಅಗಲ, ಕೆಳಗೆ ಬೆಂಕಿ, ನಡುವೆ ತೂತಿನ ಅಟ್ಟಣೆ, ಅದರ ಮೇಲೆ ಮಾಲು. ತೆಂಗಿನ ಸೀಮೆಯಲ್ಲಿ ಉರುವಲಿಗೆ ಬರವಿಲ್ಲ. ಚಿಪ್ಪಿಗೆ ರೇಟ್ ಇದೆ, ಇದ್ದಿಲು ಮಾಡುವವರು ಒಯ್ಯುತ್ತಾರೆ, ಆದರೆ ಗರಿ, ಹೆಡೆಮಟ್ಟೆ ಎತ್ತಿಕೊಂಡು ಹೋಗಪ್ಪ ಅನ್ನುವವರೇ ಜಾಸ್ತಿ.

ಮಣ್ಣಿಗೆ ಕೆರೆ ಇತ್ತು. ಬೇಸಿಗೆಯಲ್ಲಿ ಒಣಗಿದ ಅಂಗಳದಿಂದ ಗೋಡು, ಅಂದರೆ ಕೆರೆ ತಳದ ಹೂಳುಮಣ್ಣು, ತಂದು ಗುಂಡಿಯಲ್ಲಿ ನೆನೆಹಾಕಿದೆ. ಅಜ್ಜ ಒಂದು ಚಿಟಿಕೆ ಬಾಯಿಗೆ ಹಾಕಿ ಮುಂದಿನ ಹಲ್ಲಲ್ಲಿ ಕಡಿದ. ಮರಳು ಸರಿಯಿದೆ ಅಂದ. ಆಮೇಲೆ ಇನ್ನೇನೋ ಅಂದ, ನಾನು ಕೇಳಿಸಿಕೊಳ್ಳಲಿಲ್ಲ. ಹತ್ತು ಸೆಂಟಿಮೀಟರ್ ಗೆರೆ ಎಳೆದ ಬಿಲ್ಲೆ ಸುಟ್ಟು ನೋಡಿ ಮಣ್ಣು ಎಷ್ಟು ಕುಗ್ಗುತ್ತದೆ ಅಂತ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ ನೋಡಿ, ಬಹಳ ಬ್ಯುಸಿ.

ಮೊದಲ ಆವಿಗೆ ಚೆನ್ನಾಗಿಯೇ ಉರಿಯಿತು. ಬೆಳಿಗ್ಗೆ ಐದಕ್ಕೆ ಸಣ್ಣ ಉರಿ, ಮಧ್ಯಾಹ್ನದವರೆಗೂ ಬರೀ ಹೊಗೆ. ನೀರಿನಂಶ ಹೋಗುವ ಮೊದಲು ಉರಿ ಏರಿಸಿದರೆ ಮಡಕೆ ಒಳಗೇ ಪಟಾಕಿ ಹಾರುತ್ತದೆ. ಸಂಜೆ ಹೊತ್ತಿಗೆ ತೂತಿನಲ್ಲಿ ಇಣುಕಿದರೆ ಮಡಕೆ ಯಾವುದು, ಬೆಂಕಿ ಯಾವುದು ಗೊತ್ತಾಗದಷ್ಟು ಕಿತ್ತಳೆ ಬಣ್ಣ, ಅಂದರೆ ಸುಮಾರು 900 ಡಿಗ್ರಿ. ಎರಡು ರಾತ್ರಿ ಆರಲು ಬಿಟ್ಟೆ. ಮಣ್ಣಿನಲ್ಲಿರುವ ಮರಳು 573 ಡಿಗ್ರಿಯಲ್ಲಿ ಸಟ್ಟನೆ ಅಳತೆ ಬದಲಿಸುತ್ತದೆ, ಆಗ ಗಾಳಿ ಹೊಡೆದರೆ ಬಿರುಕು ಗ್ಯಾರಂಟಿ. ತೆಗೆದಾಗ ಮೂವತ್ತೆರಡರಲ್ಲಿ ಮೂವತ್ತು ಗಟ್ಟಿ. ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆ.

ಹತ್ತನೇ ದಿನ ಮಳೆ ಬಂತು. ರಾತ್ರಿ ಶೆಡ್ಡಿನಲ್ಲಿ ಏನೋ ಚಿಟ್ ಅಂದ ಹಾಗಾಯಿತು. ಬೆಳಿಗ್ಗೆ ನೋಡಿದರೆ ಹೂಜಿಯ ಹೊಟ್ಟೆಯ ಮೇಲೆ ಎಂಟಾಣೆ ಅಗಲದ ಚಕ್ಕೆ ಎದ್ದು ಬಿದ್ದಿದೆ. ಗುಳಿಯ ನಡುವೆ ಒಂದು ಬಿಳಿ ಚುಕ್ಕೆ, ಸಾಸಿವೆಯಷ್ಟು. ಉಗುರಿನಿಂದ ಕೆರೆದರೆ ಪುಡಿ ಪುಡಿ. ಮಧ್ಯಾಹ್ನಕ್ಕೆ ಇನ್ನೊಂದು. ವಾರದಲ್ಲಿ ಹನ್ನೊಂದು ಮಡಕೆಗೆ ಸಿಡುಬು ಎದ್ದಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ನನಗೆ ದೊಣ್ಣೆಯೂ ಬೇಕಾಗಲಿಲ್ಲ.

ಅಜ್ಜ ಹೂಜಿ ಕೈಗೆ ತೆಗೆದುಕೊಂಡು ಬಿಳಿ ಚುಕ್ಕೆ ನೋಡಿ ಕೇಳಿದ, "ಎಲೆ ಅಡಿಕೆ ಹಾಕ್ತೀಯಾ?" ಇಲ್ಲ ಅಂದೆ. "ಅದಕ್ಕೇ ಗೊತ್ತಾಗಿಲ್ಲ."

ಸುಣ್ಣ. ಈ ಕಡೆಯ ಕೆರೆ ಗೋಡಿನಲ್ಲಿ ಸಣ್ಣ ಸಣ್ಣ ಸುಣ್ಣದ ಹರಳು ಇರುತ್ತವೆ. ಆವಿಗೆಯಲ್ಲಿ ಅದೂ ಬೆಂದು ಸುಟ್ಟ ಸುಣ್ಣ ಆಗುತ್ತದೆ. ಆಮೇಲೆ ಗಾಳಿಯಲ್ಲಿನ ತೇವ ಹೀರಿ ನಿಧಾನಕ್ಕೆ ಅರಳುತ್ತದೆ. ಸುಣ್ಣದ ಕಲ್ಲಿಗೆ ನೀರು ಹಾಕಿದಾಗ ಉಬ್ಬಿ ಒಡೆಯುತ್ತದಲ್ಲ, ಅದೇ. ಮಡಕೆಯ ಗೋಡೆಯೊಳಗೆ ಅರಳಲು ಜಾಗ ಎಲ್ಲಿದೆ? ಚಕ್ಕೆಯನ್ನೇ ಹೊರಗೆ ತಳ್ಳುತ್ತದೆ. ಅವತ್ತು ಹಲ್ಲಲ್ಲಿ ಕಡಿದ ಮೇಲೆ ಅಜ್ಜ ಹೇಳಿದ್ದು ಇದನ್ನೇ, ಸೋಸಿ ಹಾಕು ಅಂತ. ನನ್ನ ಪುಸ್ತಕದಲ್ಲಿ ಕುಗ್ಗಿದ್ದರ ಲೆಕ್ಕ ಮಾತ್ರ ಇದೆ.

ಈಗ ಗೋಡನ್ನು ಗಂಜಿಯಷ್ಟು ತೆಳ್ಳಗೆ ಕದಡಿ ಸಣ್ಣ ಜರಡಿಯಲ್ಲಿ ಸೋಸುತ್ತೇನೆ. ಅದು ಮತ್ತೆ ಗಟ್ಟಿಯಾಗುವುದಕ್ಕೆ ಎರಡು ವಾರ, ಮೋಡ ಇದ್ದರೆ ಮೂರು. ಜರಡಿಯಲ್ಲಿ ಉಳಿದ ಹರಳು ಬಕೆಟ್ಟಿಗೆ ಎರಡು ಹಿಡಿ ಸಿಗುತ್ತದೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಸುಟ್ಟ ಮೇಲೆ ಕೈ ತಾಳುವಷ್ಟು ಬಿಸಿ ಇರುವಾಗಲೇ ಮಡಕೆಗಳನ್ನು ನೀರಿನ ಡ್ರಮ್ಮಿಗೆ ಇಳಿಸುತ್ತೇನೆ. ಹೀಗೆ ಮುಳುಗಿಸಿದರೆ ತಪ್ಪಿಸಿಕೊಂಡ ಒಂದೆರಡು ಸಣ್ಣ ಹರಳು ಅಲ್ಲೇ ಮೆತ್ತಗಾಗಿಬಿಡುತ್ತವೆ, ಚಕ್ಕೆ ಹಾರುವುದಿಲ್ಲ. ಗುಳ್ ಗುಳ್ ಅಂತ ಗುಳ್ಳೆ ಏಳುವುದನ್ನು ಶಾಲೆ ಬಿಟ್ಟ ಮಕ್ಕಳು ಬಂದು ನೋಡಿಕೊಂಡು ಹೋಗುತ್ತಾರೆ. ನಾಲ್ಕನೇ ಆವಿಗೆಯ ಮಾಲು ಒಂದು ಮಳೆಗಾಲ ದಾಟಿದೆ. ತಟ್ಟಿದರೆ ಟಣ್ ಅನ್ನುತ್ತದೆ, ಹಂಚಿನಷ್ಟಲ್ಲ.

ಆ ಹನ್ನೊಂದು ಸಿಡುಬಿನ ಮಡಕೆ ಪಕ್ಕದ ತೋಟದವರು ಕೇಳಿ ಒಯ್ದರು. ಹೊಸದಾಗಿ ಇಟ್ಟ ಮಾವಿನ ಸಸಿಗಳ ಬುಡದಲ್ಲಿ ಕುತ್ತಿಗೆವರೆಗೆ ಹೂತು ನೀರು ತುಂಬಿದ್ದಾರೆ, ಮಡಕೆ ತಾನಾಗೇ ಬೆವರಿ ಬೇರಿಗೆ ಕೊಡುತ್ತದೆ. ಮೊನ್ನೆ ಬಂದು ಕೇಳಿದರು, ಅದೇ ಥರದ್ದು ಇನ್ನೊಂದು ಇಪ್ಪತ್ತು ಮಾಡಿಕೊಡ್ತೀರಾ, ಸುಣ್ಣ ಇದ್ದರೂ ಪರವಾಗಿಲ್ಲ, ರೇಟ್ ಕಮ್ಮಿ ಮಾಡಿ ಅಂತ.