ಆಫರ್ ಲೆಟರ್ ಆದಮೇಲೆ

"ಮೇಡಂ, ಲೆಟರ್ ಕಳಿಸಿ, ಖಂಡಿತ ಸೇರ್ತೀನಿ." ಈ ಮಾತನ್ನು ಈಗ ಅರ್ಧ ಮಾತ್ರ ನಂಬುತ್ತೇನೆ.

ಕೋರಮಂಗಲ, ಎಚ್‌ಎಸ್‌ಆರ್ ಕಡೆಯ ಪೇಮೆಂಟ್ ಕಂಪನಿಗಳಿಗೆ ಇಂಜಿನಿಯರ್‌ಗಳನ್ನು ಹುಡುಕುವುದು ನನ್ನ ಕೆಲಸ. ಇಲ್ಲಿ 90 ದಿನದ ನೋಟಿಸ್ ಪೀರಿಯಡ್ ಮಾಮೂಲು, ಅಂದರೆ ರಾಜೀನಾಮೆ ಕೊಟ್ಟ ಮೇಲೂ ಅಷ್ಟು ದಿನ ಹಳೇ ಕಂಪನಿಯಲ್ಲೇ ಇರಬೇಕು. ಅಷ್ಟು ದಿನ ಯಾರು ಸುಮ್ನೆ ಕೂರ್ತಾರೆ? ನಮ್ಮ ಆಫರ್ ತೋರಿಸಿ ಬೇರೆ ಕಡೆ ಜಾಸ್ತಿ ಕೇಳುತ್ತಾರೆ. ಅವರನ್ನು ಬೈಯೋಕೆ ಮನಸ್ಸು ಬರೋದಿಲ್ಲ. ಆ ನಿಯಮ ಮಾಡಿದ್ದು ಕಂಪನಿಗಳೇ ಅಲ್ವಾ?

ಸಿಟ್ಟು ಬರುವುದು ಕಂಪನಿಗಳು ಕೇಳುವ ಅನುಭವ ನೋಡಿದಾಗ. ಯುಪಿಐ ಬಂದಿದ್ದೇ 2016ರಲ್ಲಿ. 2022ರಲ್ಲಿ ಒಬ್ಬರು ಹತ್ತು ವರ್ಷದ ಯುಪಿಐ ಅನುಭವ ಕೇಳಿದ್ದರು!

ನಾನು ಮೊದಲ ಫೋನಿನಲ್ಲೇ ಕೇಳುವುದು ಇಷ್ಟು: ಗ್ರಾಹಕರ ಖಾತೆಯಿಂದ ದುಡ್ಡು ಹೋಯ್ತು, ಅಂಗಡಿಗೆ ಬರಲಿಲ್ಲ, ಏನು ಮಾಡ್ತೀರಿ? "ಇನ್ನೊಮ್ಮೆ ಕಳಿಸ್ತೀನಿ" ಅಂದರೆ ಎರಡು ಸಲ ದುಡ್ಡು ಕಟ್ ಆಗುವ ಅಪಾಯ. ಮೊದಲು ಸ್ಟೇಟಸ್ ನೋಡಬೇಕು, ಆಮೇಲೆ ಬ್ಯಾಂಕಿನ ಲೆಕ್ಕಕ್ಕೆ ನಮ್ಮ ಲೆಕ್ಕ ತಾಳೆ ಹಾಕಬೇಕು. ಇದನ್ನು ಪಟ್ಟಂತ ಹೇಳುವವರು ಹೆಚ್ಚಾಗಿ ಸಹಕಾರಿ ಬ್ಯಾಂಕುಗಳ ಸಾಫ್ಟ್‌ವೇರ್ ನೋಡಿಕೊಂಡವರು. ಅವರ ರೆಸ್ಯೂಮೆ ಕಳಿಸಿದರೆ ಆ ಕಡೆಯಿಂದ ಬರುವ ಮೊದಲ ಪ್ರಶ್ನೆ, "ಯಾವ ಕಾಲೇಜು?"