ಸಿಟಿ ವ್ಯಾಲ್ಯೂ 22

2022ರ ಜನವರಿ 5. ಪೀಣ್ಯದ ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಉಪ್ಪಿಟ್ಟು ಬಡಿಸುವ ಜಾಗಕ್ಕೆ ಸ್ವಾಬ್ ತೆಗೆಯುವವರ ಮೇಜು ಬಂದಿತ್ತು. ಕೋವಿಡ್‌ನ ಹೊಸ ತಳಿ ಓಮೈಕ್ರಾನ್‌ನ ದೇಶದ ಮೊದಲ ಎರಡು ಪ್ರಕರಣಗಳು ಬೆಂಗಳೂರಿನಲ್ಲೇ ಸಿಕ್ಕಿವೆ ಎಂದು ಡಿಸೆಂಬರ್ 2ರಂದು ಸುದ್ದಿಯಾದಾಗಿನಿಂದ ಆಡಳಿತದವರಿಗೆ ನಿದ್ದೆ ಇರಲಿಲ್ಲ. ಕೆಮ್ಮು ಇರಲಿ, ಇಲ್ಲದಿರಲಿ, ಎಲ್ಲರಿಗೂ ಆರ್‌ಟಿ-ಪಿಸಿಆರ್.

ನನ್ನ ಹಿಂದೆ ನಿಂತಿದ್ದ ಹೆಲ್ಪರ್ ಹುಡುಗ ಹಾಸನದ ಕಡೆಯವನು, ಗುತ್ತಿಗೆಯವನು. ನನ್ನ ಸರದಿ ಬರುವ ಹೊತ್ತಿಗೆ ತಿರುಗಿ ನೋಡಿದರೆ ಅವನಿಲ್ಲ. ಶೌಚಾಲಯದ ಕಡೆಯಿಂದ ಇಣುಕಿ, ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದ. ನಾನು ಸುಮ್ಮನಾದೆ. ಗುತ್ತಿಗೆಯವರಿಗೆ ಹಾಜರಿ ಇದ್ದರಷ್ಟೇ ಕೂಲಿ ಎಂಬುದು ನನಗೂ ಗೊತ್ತಿತ್ತು.

ಮೂಗಿನೊಳಗೆ ಕಡ್ಡಿ ಹೋದಾಗ ಕಣ್ಣಲ್ಲಿ ನೀರು ಬಂತು, ಅಷ್ಟೇ. ಮರುದಿನ ಸಂಜೆ ನಾನು ಮನೆಯಲ್ಲಿ ಎರಡನೇ ಸಲ ಸಾರು ಬಡಿಸಿಕೊಳ್ಳುತ್ತಿದ್ದಾಗ ಮೊಬೈಲ್ ಸದ್ದು ಮಾಡಿತು. ಎಸ್‌ಆರ್‌ಎಫ್ ಐಡಿ, ಅಂದರೆ ನನ್ನ ಮಾದರಿಯ ಗುರುತಿನ ಸಂಖ್ಯೆ, ಅದರ ಕೆಳಗೆ ಪಾಸಿಟಿವ್. ಸಾರಿನ ಘಮ ಮೂಗಿಗೆ ಚೆನ್ನಾಗಿಯೇ ಬಡಿಯುತ್ತಿತ್ತು. ಹೆಂಡತಿ ತಟ್ಟೆಯನ್ನು ಅಲ್ಲೇ ಬಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದಳು. ಜ್ವರ ಬಂದಿದ್ದರೆ ಹಣೆ ಮುಟ್ಟಿ ನೋಡುತ್ತಿದ್ದಳೇನೋ.

ವರದಿಯಲ್ಲಿ ಸಿಟಿ ವ್ಯಾಲ್ಯೂ 22 ಎಂದಿತ್ತು. ಯಂತ್ರ ಒಂದೊಂದು ಸುತ್ತಿಗೂ ವೈರಾಣುವಿನ ತುಣುಕನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡುತ್ತಾ ಹೋಗುತ್ತದೆ. ಎಷ್ಟನೇ ಸುತ್ತಿಗೆ ಅದು ಕಣ್ಣಿಗೆ ಬಿತ್ತು ಎಂಬುದೇ ಈ ಸಂಖ್ಯೆ. ಹಾಗಾಗಿ ಕಡಿಮೆ ಅಂಕ ಬಂದವನಲ್ಲಿ ಸರಕು ಹೆಚ್ಚು. ಸೀನು ಕೂಡ ಬಾರದ ನನ್ನ ಮೂಗಿನಲ್ಲಿ ಅಷ್ಟೊಂದು! ಎರಡು ದಿನದಿಂದ ನಾನೂ ಆ ಹುಡುಗನೂ ಒಂದೇ ಕ್ಯಾಲಿಪರ್ ಹಿಡಿದು ಬೇರಿಂಗ್ ಅಳೆದಿದ್ದೆವು. ನಾನು ಅವನಿಗೆ ಕೊಟ್ಟೆನೋ, ಅವನು ನನಗೋ, ಯಾರು ಹೇಳಬೇಕು?

25ಕ್ಕಿಂತ ಕೆಳಗಿನ ಮಾದರಿಗಳನ್ನು ತಳಿ ಗುರುತಿಸಲು ಕಳಿಸುತ್ತಾರೆ ಎಂದು ಓದಿದ್ದೆ. ಪಾಲಿಕೆಯಿಂದ ವಿಚಾರಿಸಲು ಕರೆ ಮಾಡಿದ ಹುಡುಗಿಯನ್ನು, 'ನನ್ನದು ಡೆಲ್ಟಾನೋ, ಓಮೈಕ್ರಾನೋ?' ಎಂದು ಕೇಳಿದೆ. 'ಯಾವುದಾದರೂ ಏಳು ದಿನ ಮನೆಯಲ್ಲೇ ಇರಬೇಕು ಸರ್' ಎಂದಳು. ಅದೂ ಸರಿಯೇ. ಆ ಜೀನೋಮ್ ಪರೀಕ್ಷೆ ಊರಿನಲ್ಲಿ ಯಾವ ತಳಿ ಓಡಾಡುತ್ತಿದೆ ಎಂದು ನೋಡುವುದಕ್ಕೆ, ನನ್ನ ಕುತೂಹಲ ತಣಿಸುವುದಕ್ಕಲ್ಲ.

ನಾನು ಕೋಣೆಯಲ್ಲಿ ಕೂತಿರುವಾಗಲೇ, ಜನವರಿ 10ರಂದು, ಲಕ್ಷಣವಿಲ್ಲದವರಿಗೆ ಸಮುದಾಯದಲ್ಲಿ ಪರೀಕ್ಷೆ ಬೇಕಿಲ್ಲ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳಿತು. ಕಾರ್ಖಾನೆಯವರು ಕಾದಿದ್ದವರಂತೆ ಶಿಬಿರ ನಿಲ್ಲಿಸಿದರು.

ಸಂಕ್ರಾಂತಿ ಕಳೆದ ಸೋಮವಾರ ಎಳ್ಳುಬೆಲ್ಲದ ಪೊಟ್ಟಣ ಹಿಡಿದು ಕೆಲಸಕ್ಕೆ ಹೋದೆ. ಉಪ್ಪಿಟ್ಟು ತನ್ನ ಜಾಗಕ್ಕೆ ಮರಳಿತ್ತು. ಹುಡುಗ ಅಂಗೈ ತುಂಬ ಎಳ್ಳು ಸುರಿದುಕೊಂಡು, ಕೊಬ್ಬರಿ ಚೂರನ್ನು ಮೊದಲು ಆರಿಸಿ ತಿಂದ.

'ನಿಮಗೆ ಏನಾಗಿತ್ತು ಸರ್?'

'ಏನೂ ಆಗಿರಲಿಲ್ಲ.'

'ಏನೂ ಆಗದ್ದಕ್ಕೆ ಏಳು ದಿನದ ಸಂಬಳವೇ?' ಎಂದು ನಕ್ಕು, ಕೈ ಒರೆಸಿಕೊಂಡು ಕ್ಯಾಲಿಪರ್ ಎತ್ತಿಕೊಂಡ.